ವಿಮುಕ್ತ ಬುಡಕಟ್ಟುಗಳು: ಕಾನೂನಿನ ಹಿನ್ನೆಲೆ ಮತ್ತು ನಾಗರಿಕರ ಹಕ್ಕುಗಳು

ಹಿನ್ನೆಲೆ

ವ್ಯಕ್ತಿಯನ್ನು ಆತನ ಕೃತ್ಯಕ್ಕಾಗಿ ಶಿಕ್ಷಿಸಬಹುದೇ ಹೊರತು ಹುಟ್ಟು ಅಥವಾ ಬಡತನಕ್ಕಾಗಿ ಅಲ್ಲ. ಈ ತತ್ವಕ್ಕೆ ವಿರುದ್ಧವಾದ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ಬ್ರಿಟಿಷ್ ಸರ್ಕಾರವು 1871ರಲ್ಲಿ ಜಾರಿಗೆ ತಂದಿತು. 1911ರಲ್ಲಿ ಇದನ್ನು ಬ್ರಿಟಿಷ್ ಭಾರತಕ್ಕೆಲ್ಲ ವಿಸ್ತರಿಸಲಾಯಿತು. ಸದರಿ ಕಾಯ್ದೆಯ ಮೇರೆಗೆ ಇಡೀ ಸಮುದಾಯವನ್ನೇ ಅಪರಾಧಿ ಎಂದು ಅಧಿಸೂಚಿಸಬಹುದಾಗಿದ್ದಿತು. ಅಂತಹ ಸಮುದಾಯದವರು ಹೆಸರು ನೋಂದಾಯಿಸಿ, ನಿಗದಿತ ವೇಳೆಗೆ ಹಾಜರಿ ನೀಡಿ, ಊರು ಬಿಡಲು ಪರವಾನಗಿ ಪಡೆಯಬೇಕಾಗಿದ್ದಿತು.

ಜಾನುವಾರುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಮಾರುತ್ತಿದ್ದ ಕೊರಚ ಮುಂತಾದ ಸಮುದಾಯಗಳು ರೈಲು ಸಾರಿಗೆ ಹಾಗೂ ಸರ್ಕಾರದ ಉಪ್ಪಿನ ನೀತಿಯಿಂದ ಕಸುಬು ಕಳೆದುಕೊಂಡಿದ್ದವು. ಅಲೆದಾಟವೇ ಅವರ ಮೇಲಿನ ಸಂಶಯಕ್ಕೆ ಕಾರಣವಾಯಿತು. ಅಧಿಸೂಚಿತ ಕುಟುಂಬಗಳನ್ನು ಇರಿಸಿದ್ದ ಹುಬ್ಬಳ್ಳಿ, ಗದಗಿನ ಪ್ರದೇಶಗಳಿಗೆ ಇಂದಿಗೂ ‘ಸೆಟ್ಲಮೆಂಟ್’ ಎಂಬ ಹೆಸರಿದೆ.

ಕಾಯ್ದೆಯ ರದ್ದತಿ

ಅನಂತಶಯನಂ ಅಯ್ಯಂಗಾರ್ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನ ನಂತರ ಕಾಯ್ದೆಯು 1952ರ ಆಗಸ್ಟ್ 31ರಂದು ರದ್ದಾಯಿತು. ಆದುದರಿಂದ ಈ ಸಮುದಾಯಗಳನ್ನು ‘ವಿಮುಕ್ತ’ ಎಂದು ಕರೆಯಲಾಗುತ್ತದೆ. ಅನಂತರ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ಕರ್ನಾಟಕದ ಕಾಯ್ದೆಯು 1961ರದು. ಇವು ಜಾತಿಯನ್ನಲ್ಲದೆ ವ್ಯಕ್ತಿಯನ್ನು ಉದ್ದೇಶಿಸಿದ್ದರೂ ಹಳೆಯ ಸಂಶಯವು ಪೂರ್ಣವಾಗಿ ಅಳಿಯಲಿಲ್ಲ.

ಸರ್ವೋಚ್ಚ ನ್ಯಾಯಾಲಯದ ತೀರ್ಪು

2024ರ ಅಕ್ಟೋಬರ್ 3ರ ತೀರ್ಪಿನಲ್ಲಿ, ಕಾರಾಗೃಹಗಳ ಕೈದಿ ನೋಂದಣಿ ಪುಸ್ತಕಗಳಲ್ಲಿನ ಜಾತಿ ಕಾಲಂ ತೆಗೆಯುವಂತೆಯೂ, ವಿಮುಕ್ತ ಬುಡಕಟ್ಟಿನವರನ್ನು ಮನಬಂದಂತೆ ಬಂಧಿಸದಂತೆಯೂ ನ್ಯಾಯಾಲಯವು ನಿರ್ದೇಶಿಸಿತು.

ನಾಗರಿಕರು ಗಮನಿಸಬೇಕಾದ ಅಂಶಗಳು

1. ಬಂಧಿತರಿಗೆ ಬಂಧನದ ಕಾರಣ ತಿಳಿಸಬೇಕು. ಪ್ರಯಾಣದ ಅವಧಿ ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು (ಸಂವಿಧಾನದ 22ನೇ ಅನುಚ್ಛೇದ).

2. ಜಾಮೀನು ನೀಡಬಹುದಾದ ಅಪರಾಧದಲ್ಲಿ, ಬಂಧನವಾದ ಒಂದು ವಾರದೊಳಗೆ ಜಾಮೀನುದಾರರನ್ನು ಒದಗಿಸಲಾಗದವರನ್ನು ನಿರ್ಗತಿಕರೆಂದು ಪರಿಗಣಿಸಿ, ಜಾಮೀನುದಾರರಿಲ್ಲದೆ ಮುಚ್ಚಳಿಕೆಯ ಮೇಲೆ ಬಿಡುಗಡೆ ಮಾಡಬೇಕು (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023, ಪ್ರಕರಣ 478).

3. ಪರಿಶಿಷ್ಟ ಜಾತಿ, ಪಂಗಡದವರು, ಮಹಿಳೆಯರು, ಮಕ್ಕಳು ಹಾಗೂ ಬಂಧನದಲ್ಲಿರುವವರು ಆದಾಯ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಸಹಾಯವಾಣಿ: 15100.

4. ವಿಮುಕ್ತ ಸಮುದಾಯಗಳೆಲ್ಲವೂ ಒಂದೇ ಮೀಸಲಾತಿ ಪಟ್ಟಿಯಲ್ಲಿಲ್ಲ. ಕೊರಮ, ಕೊರಚ, ಗಂಟಿಚೋರ್ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿವೆ. ಅರ್ಜಿದಾರರು ತಮ್ಮ ಸಮುದಾಯ ಯಾವ ಪಟ್ಟಿಯಲ್ಲಿದೆ ಎಂಬುದನ್ನು ಖಚಿತಪಡಿಸಿಕೊಂಡು, ಜಾತಿ ಪ್ರಮಾಣಪತ್ರಕ್ಕಾಗಿ ನಾಡಕಚೇರಿಯ ಮೂಲಕ ತಹಶೀಲ್ದಾರರಿಗೆ ಅರ್ಜಿ ಸಲ್ಲಿಸುವುದು.