ವರ್ತೂರು ಕೋಡಿಯಲ್ಲಿ ಕಳೆಯುವ ನಿಮಿಷಗಳು

ಅಪಘಾತವೋ ಹೃದಯಾಘಾತವೋ ಸಂಭವಿಸಿದ ಸ್ಥಳದಿಂದ ಆಸ್ಪತ್ರೆಯ ಬಾಗಿಲಿನವರೆಗೆ ರೋಗಿಗೆ ದೊರೆಯುವ ಆರೈಕೆಗೆ ಆಸ್ಪತ್ರೆಪೂರ್ವ ತುರ್ತು ಚಿಕಿತ್ಸೆ ಎಂದು ಹೆಸರು. ಕರ್ನಾಟಕದಲ್ಲಿ ಅದು ರಾಜ್ಯವ್ಯಾಪಿ ಉಚಿತ ಸೇವೆಯಾಗಿ ರೂಪುಗೊಂಡದ್ದು 2008ರ ನವೆಂಬರ್‌ನಲ್ಲಿ, 'ಆರೋಗ್ಯ ಕವಚ' ಎಂಬ 108 ಸೇವೆಯ ಮೂಲಕ. ಆಮ್ಲಜನಕ ಕೊಡಲು, ರಕ್ತಸ್ರಾವ ತಡೆಯಲು, ದಾರಿಯಲ್ಲೇ ಹೆರಿಗೆ ಮಾಡಿಸಲು ತರಬೇತಿ ಪಡೆದ, ಇಎಂಟಿ ಎಂದು ಕರೆಯಲಾಗುವ ತಂತ್ರಜ್ಞರು ರೋಗಿಯ ಪಕ್ಕದಲ್ಲಿರುವುದೇ ಅದರ ಮುಖ್ಯ ಲಕ್ಷಣ.

ಈ ವ್ಯವಸ್ಥೆಗೆ ಬೆಂಗಳೂರಿನ ಹೊರವಲಯದ ವರ್ತೂರು ಕಠಿಣ ಪರೀಕ್ಷೆ. ಗುಂಜೂರು, ದೊಮ್ಮಸಂದ್ರಗಳ ಕಡೆಯಿಂದ ವೈಟ್‌ಫೀಲ್ಡಿಗೆ ಹೊರಟ ವಾಹನಗಳು ಹಳೆಯ ಊರಿನ ಇಕ್ಕಟ್ಟಾದ ರಸ್ತೆಯನ್ನು ದಾಟಿ ಕೆರೆಯ ಕೋಡಿಯ ಬಳಿ ಒಟ್ಟುಗೂಡುತ್ತವೆ. ಒಂದು ಮಗ್ಗುಲಿಗೆ ಕೆರೆಯೇ ಹರಡಿಕೊಂಡಿರುವುದರಿಂದ ಸುತ್ತುದಾರಿಗಳು ಕಡಿಮೆ, ಪಣತ್ತೂರಿನ ದಾರಿಯೂ ರೈಲ್ವೆ ಕೆಳಸೇತುವೆಯ ದಟ್ಟಣೆಗೆ ಹೆಸರಾದದ್ದು. ಇಂಥಲ್ಲಿ ಆಂಬುಲೆನ್ಸುಗಳ ಸಂಖ್ಯೆಯನ್ನಷ್ಟೇ ಹೆಚ್ಚಿಸಿದರೆ ಅವೂ ಅದೇ ಸಾಲಿನಲ್ಲಿ ನಿಲ್ಲುತ್ತವೆ. ರೋಗಿಯನ್ನು ಸಾಗಿಸಲಾಗದಿದ್ದರೂ ಚಿಕಿತ್ಸೆಯನ್ನು ಬೇಗ ಆರಂಭಿಸಬಲ್ಲ ಬೈಕ್ ಆಂಬುಲೆನ್ಸ್ 2015ರಲ್ಲಿ ಬೆಂಗಳೂರಿನಲ್ಲಿ ಚಾಲನೆಗೆ ಬಂದದ್ದು ಈ ಕಾರಣಕ್ಕೇ, ಮತ್ತು ಅಂಥ ಸೇವೆ ನಗರದ ಹೃದಯಭಾಗಕ್ಕಿಂತ ಈ ಹೊರವಲಯಕ್ಕೇ ಹೆಚ್ಚು ಅಗತ್ಯ.

ಆದರೂ ಹೃದಯ ಬಡಿತ ನಿಂತಾಗ ನಾಲ್ಕಾರು ನಿಮಿಷಗಳಲ್ಲೇ ಮಿದುಳಿಗೆ ಹಾನಿ ತೊಡಗುವುದರಿಂದ, ಬೈಕಿಗೂ ಮೊದಲು ಕೈಹಾಕಬೇಕಾದವರು ಪಕ್ಕದಲ್ಲಿರುವವರೇ. ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ, ಕನಿಷ್ಠ ಐದು ಸೆಂಟಿಮೀಟರ್ ಆಳಕ್ಕೆ ಒತ್ತಿ ರಕ್ತ ಹರಿಯುವಂತೆ ಮಾಡುವ ಸಿಪಿಆರ್ ಕ್ರಮವನ್ನು ಅಪಾರ್ಟ್‌ಮೆಂಟಿನ ಕಾವಲುಗಾರ, ಆಟೊ ಚಾಲಕ, ಶಾಲಾ ಶಿಕ್ಷಕಿ ಯಾರು ಬೇಕಾದರೂ ಕಲಿಯಬಲ್ಲರು. ರಸ್ತೆ ಅಪಘಾತದಲ್ಲಿ ಜನರನ್ನು ಹಿಂಜರಿಸುವುದು ಪೊಲೀಸ್ ಠಾಣೆ, ನ್ಯಾಯಾಲಯಗಳ ಅಲೆದಾಟದ ಭಯ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು, ಸದ್ಭಾವನೆಯಿಂದ ನೆರವಾದವರಿಗೆ ಕಾನೂನಿನ ರಕ್ಷಣೆ ನೀಡುತ್ತದೆ ಎಂಬುದು ಇನ್ನೂ ಎಲ್ಲರ ಕಿವಿಗೆ ಬೀಳಬೇಕಾಗಿದೆ.

ಆಸ್ಪತ್ರೆಯ ಚಿಕಿತ್ಸೆಯನ್ನೇ ರೋಗಿಯ ಬಳಿಗೆ ಒಯ್ಯುವ ಯೋಚನೆ ಹೊಸದಲ್ಲ. ಹೃದಯದ ಲಯ ಸರಿಪಡಿಸುವ ಡಿಫಿಬ್ರಿಲೇಟರ್ ಯಂತ್ರವನ್ನು ವೈದ್ಯ ಫ್ರಾಂಕ್ ಪ್ಯಾಂಟ್ರಿಡ್ಜ್ 1960ರ ದಶಕದಲ್ಲೇ ಬೆಲ್‌ಫಾಸ್ಟ್ ನಗರದ ಆಂಬುಲೆನ್ಸಿಗೆ ಏರಿಸಿದ್ದರು. ಈಗ ಕರ್ನಾಟಕದಲ್ಲೂ ನಟ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಕೊಡಿಸುತ್ತಾರೆ. ಅದೇ ಇಸಿಜಿಯನ್ನು ವಾಹನದೊಳಗೇ ತೆಗೆದು ಕಳುಹಿಸುವ ಏರ್ಪಾಡಾದರೆ, ಆಂಬುಲೆನ್ಸ್ ಕೋಡಿಯ ದಟ್ಟಣೆಯಲ್ಲಿ ಸಿಲುಕಿರುವಾಗಲೇ ಅತ್ತ ಆಸ್ಪತ್ರೆಯಲ್ಲಿ ರೋಗಿಗೆ ಬೇಕಾದ ವೈದ್ಯರೂ ಯಂತ್ರಗಳೂ ಸಜ್ಜಾಗಿರುತ್ತವೆ.