ನಾಲ್ಕು ಯಾಮ, ನಾಲ್ಕು ಸಿನಿಮಾ

ಎರಡು ಕನ್ನಡ ಸಿನಿಮಾಗಳನ್ನು ಬೆನ್ನುಬೆನ್ನಿಗೆ ನೋಡಿ ಮುಗಿಸುವಷ್ಟರಲ್ಲಿ ಒಂದು ಕಲಿಯುಗ ಕಳೆದಿರುತ್ತದೆ. ಬೋರು ಹೊಡೆಸುವ ಸಿನಿಮಾಗಳ ಮಾತಲ್ಲ ಇದು, ಬರೀ ಲೆಕ್ಕ. ಎರಡೂವರೆ ಗಂಟೆಯ ಎರಡು ಚಿತ್ರ ಎಂದರೆ ಐದು ಗಂಟೆ, ಅಂದರೆ 18,000 ಸೆಕೆಂಡು. ಸೆಕೆಂಡಿಗೆ 24 ಫ್ರೇಮಿನಂತೆ 4,32,000 ಫ್ರೇಮು. ಪುರಾಣಗಳು ಕಲಿಯುಗಕ್ಕೆ ಕೊಟ್ಟಿರುವ ವರ್ಷಗಳೂ ಅಷ್ಟೇ. ನಾಲ್ಕು ಚಿತ್ರ ನೋಡಿದರೆ 8,64,000 ಫ್ರೇಮು, ಅದು ದ್ವಾಪರಯುಗ. ರೀಲಿನ ಕಾಲದ ಪ್ರೊಜೆಕ್ಟರ್ ಸಾಮಾನ್ಯವಾಗಿ ಒಂದೊಂದು ಫ್ರೇಮನ್ನೂ ಎರಡೆರಡು ಸಲ ಮಿನುಗಿಸುತ್ತಿತ್ತು. ಆ ಮಿನುಗುಗಳನ್ನು ಎಣಿಸಿದರೆ 17,28,000, ಅಂದರೆ ಕೃತಯುಗ! ಇದರಲ್ಲಿ ಪವಾಡವೇನೂ ಇಲ್ಲ. ಕಾಲವನ್ನು 60, 24, 12ರಿಂದ ಗುಣಿಸುತ್ತಾ ಹೋದವರೆಲ್ಲ ಇಂಥ ಸಂಖ್ಯೆಗಳಿಗೇ ಬಂದು ತಲುಪುತ್ತಾರೆ, ಪೌರಾಣಿಕರಾಗಲಿ, ಸಿನಿಮಾದವರಾಗಲಿ. ಆದರೂ ಶಿವರಾತ್ರಿಯ ಜಾಗರಣೆಗೆಂದು ರಾತ್ರಿಯಿಡೀ ನಾಲ್ಕು ಸಿನಿಮಾ ನೋಡುವವರ ಕಣ್ಣ ಮುಂದೆ ಯುಗಗಳು ಉರುಳುತ್ತವೆ ಎಂದರೆ ಅಂಕಿಗಳ ಮಟ್ಟಿಗಂತೂ ಸುಳ್ಳಲ್ಲ.

ನಾಲ್ಕೇ ಏಕೆ? ಶಿವರಾತ್ರಿಯ ಪೂಜೆ ನಾಲ್ಕು ಯಾಮದ್ದು, ಯಾಮಕ್ಕೆ ಮೂರು ಗಂಟೆ. ಸಂಜೆ ಆರರಿಂದ ಬೆಳಗಿನ ಆರರ ತನಕ. ಎರಡೂವರೆ ಗಂಟೆಯ ಸಿನಿಮಾ, ಜೊತೆಗೆ ಇಂಟರ್‌ವೆಲ್, ಕ್ಯಾಸೆಟ್ ಬದಲಿಸುವುದು, ಒಮ್ಮೆ ಕರೆಂಟ್ ಹೋಗಿ ಬರುವುದು: ಯಾಮಕ್ಕೊಂದು ಚಿತ್ರ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಊರ ಹುಡುಗರು ಚಂದಾ ಎತ್ತಿ, ಪೇಟೆಯಿಂದ ಕಲರ್ ಟಿವಿ, ವಿಸಿಪಿ (ವಿಡಿಯೊ ಕ್ಯಾಸೆಟ್ ಪ್ಲೇಯರ್) ಬಾಡಿಗೆಗೆ ತಂದು, ದೇವಸ್ಥಾನದ ಮುಂದೆಯೋ ಯಾರದೋ ಜಗಲಿಯ ಮೇಲೆಯೋ ಇಡುತ್ತಿದ್ದರು. ಮೊದಲ ಯಾಮಕ್ಕೆ ಭಕ್ತಿಯ ಚಿತ್ರವೇ ಆಗಬೇಕು, ಹಿರಿಯರು ಕೂತಿರುತ್ತಾರೆ. 1954ರ ‘ಬೇಡರ ಕಣ್ಣಪ್ಪ’ ಸಿಕ್ಕರೆ ಅದು, ಇಲ್ಲವಾದರೆ 1988ರ ‘ಶಿವ ಮೆಚ್ಚಿದ ಕಣ್ಣಪ್ಪ’. ಶಿವನಿಗೆ ಕಣ್ಣು ಕಿತ್ತುಕೊಟ್ಟವನ ಕಥೆಯಿಂದ ಕಣ್ಣು ಮುಚ್ಚಬಾರದ ರಾತ್ರಿ ಶುರುವಾಗುವುದು ಎಷ್ಟು ಸರಿ ಎಂದು ಆಗ ಯಾರೂ ಯೋಚಿಸಿರಲಾರರು. ಫೈಟಿಂಗ್ ಚಿತ್ರವನ್ನು ಮೂರನೇ ಯಾಮಕ್ಕೆ ಇಟ್ಟುಕೊಳ್ಳುತ್ತಿದ್ದರು. ನಿದ್ದೆಯ ಶಾಸ್ತ್ರ ಓದದೆಯೇ ಬಂದ ಜಾಣತನ ಅದು.

ಆ ವಿಸಿಪಿಯ ಒಳಗೊಮ್ಮೆ ಇಣುಕೋಣ. ಟೇಪು ಚಲಿಸುವುದು ಸೆಕೆಂಡಿಗೆ 2.339 ಸೆಂಟಿಮೀಟರ್. ಇರುವೆಗೂ ನಾಚಿಕೆಯಾಗುವ ನಡಿಗೆ. ಹತ್ತು ಗಂಟೆ ಓಡಿದರೂ ಸಾಗುವುದು ಸುಮಾರು 842 ಮೀಟರ್, ಊರ ಬಸ್‌ಸ್ಟ್ಯಾಂಡಿನಿಂದ ಕೆರೆ ಏರಿಯ ತನಕ ಎನ್ನಿ. ಆದರೆ ಟೇಪು ಸುತ್ತಿಕೊಂಡಿರುವ 62 ಮಿಲಿಮೀಟರ್ ಅಗಲದ ಡ್ರಮ್ಮು, ‘ಹೆಡ್ಡು’ ಕೂತಿರುವ ಡ್ರಮ್ಮು, ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ಟೇಪಿನ ಮೇಲೆ ಹೆಡ್ಡು ಉಜ್ಜುವ ವೇಗ ಸೆಕೆಂಡಿಗೆ ಸುಮಾರು 4.85 ಮೀಟರ್. ನಾಲ್ಕು ಚಿತ್ರ ಮುಗಿಯುವ ಹೊತ್ತಿಗೆ 9 ಲಕ್ಷ ಸುತ್ತು, 175 ಕಿಲೋಮೀಟರ್. ಬೆಂಗಳೂರಿನಿಂದ ಹೊರಟು, ಮೈಸೂರು ದಾಟಿ, ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಯ ತನಕ ಹೋಗಿ ಇನ್ನೂ ಒಂದಿಷ್ಟು ಉಳಿಯುವ ದಾರಿ. ಜಗಲಿಯ ಮೇಲೆ ಕೂತವರು ಕೂತಲ್ಲೇ ಇರುತ್ತಾರೆ, ಹೆಡ್ಡು ಯಾತ್ರೆ ಮುಗಿಸಿರುತ್ತದೆ. ನಡುವೆ ಚಿತ್ರದ ತುಂಬ ಚುಕ್ಕಿ ಬಂದರೆ ಮೇಲಿನ ಮುಚ್ಚಳ ಬಿಚ್ಚಿ, ಗರಿಗರಿ ಹೊಸ ನೋಟಿನಿಂದ ಆ ಡ್ರಮ್ಮನ್ನು ಒರೆಸುವವನೊಬ್ಬ ಇರುತ್ತಿದ್ದ. ಅವನ ಗತ್ತೇ ಬೇರೆ.

ಟೆಂಟಿನಲ್ಲೋ ಟಾಕೀಸಿನಲ್ಲೋ ಓಡುತ್ತಿದ್ದ 35 ಮಿ.ಮೀ. ರೀಲಿನ ಲೆಕ್ಕ ಇನ್ನೂ ಒರಟು. ನಿಮಿಷಕ್ಕೆ 90 ಅಡಿ. ಹತ್ತು ಗಂಟೆಗೆ 54,000 ಅಡಿ, ಹದಿನಾರು ಕಿಲೋಮೀಟರಿಗೂ ಹೆಚ್ಚು. ಫ್ರೇಮಿಗೆ ಒಂದೊಂದು ಅಂಚಿನಲ್ಲಿ ನಾಲ್ಕು ತೂತು, ಎರಡೂ ಅಂಚು ಸೇರಿ ರಾತ್ರಿಗೆ 69 ಲಕ್ಷ ತೂತು. ಪ್ರೊಜೆಕ್ಟರಿನ ಹಲ್ಲುಗಳು ಅವನ್ನೆಲ್ಲ ಹಿಡಿದು ಎಳೆದು ಬಿಡಬೇಕು. ಆದರೆ ನಿಜವಾದ ಬೆರಗು ಇರುವುದು ಓಟದಲ್ಲಲ್ಲ, ನಿಲುಗಡೆಯಲ್ಲಿ. ಗೇಟಿನ ಮುಂದೆ ಫಿಲಂ ಹರಿಯುವುದಿಲ್ಲ; ಸೆಕೆಂಡಿಗೆ 24 ಸಲ ನಿಂತು ನಿಂತು ಹೊರಡುತ್ತದೆ. ಅದು ಸರಿಯುವಾಗ ನಮಗೆ ಕಾಣಬಾರದೆಂದು ಷಟರ್ ಬೆಳಕನ್ನು ಮುಚ್ಚುತ್ತದೆ, ನಿಂತಾಗಲೂ ಮಿನುಗು ಕಣ್ಣಿಗೆ ಚುಚ್ಚದಿರಲೆಂದು ಇನ್ನೊಮ್ಮೆ ಮುಚ್ಚುತ್ತದೆ. ಹೀಗೆ ಮುಚ್ಚಿದ್ದನ್ನೆಲ್ಲ ಕೂಡಿಸಿದರೆ ಹೆಚ್ಚುಕಮ್ಮಿ ಅರ್ಧ ಸಮಯ. ಹತ್ತು ಗಂಟೆಯ ಸಿನಿಮಾದಲ್ಲಿ ಐದು ಗಂಟೆ ಪರದೆ ಕತ್ತಲು! ಟಿಕೆಟ್ ಕೊಟ್ಟು ಒಳಗೆ ಹೋದ ಯಾರೂ ಇದಕ್ಕೆ ತಕರಾರು ತೆಗೆದ ಹಾಗಿಲ್ಲ.

ಉಳಿದ ಐದು ಗಂಟೆಯಾದರೂ ಪೂರ್ತಿ ನಮ್ಮದೇ? ಮನುಷ್ಯ ನಿಮಿಷಕ್ಕೆ ಸುಮಾರು 15 ಸಲ ಕಣ್ಣು ಮಿಟುಕಿಸುತ್ತಾನೆ. ಹತ್ತು ಗಂಟೆಗೆ 9,000 ಸಲ. ಒಂದೊಂದಕ್ಕೆ ಸೆಕೆಂಡಿನ ಹತ್ತರಲ್ಲಿ ಮೂರು ಪಾಲು ಹಿಡಿದರೂ 45 ನಿಮಿಷ ಕಣ್ಣು ಮುಚ್ಚಿಯೇ ಇರುತ್ತದೆ. ಅದಲ್ಲದೆ ಕಣ್ಣುಗುಡ್ಡೆ ಒಂದೆಡೆ ನಿಲ್ಲುವುದಿಲ್ಲ, ಸೆಕೆಂಡಿಗೆ ಸುಮಾರು ಮೂರು ಸಲ ಜಿಗಿಯುತ್ತದೆ: ನಾಯಕನ ಮುಖದಿಂದ ಕೈಗೆ, ಕೈಯಿಂದ ಕತ್ತಿಗೆ. ಜಿಗಿಯುವ ಆ ಕ್ಷಣದಲ್ಲಿ ಬರುವ ಕಲಸುಮೇಲೋಗರದ ಚಿತ್ರವನ್ನು ಮಿದುಳು ಬಹುಮಟ್ಟಿಗೆ ತಡೆದುಬಿಡುತ್ತದೆ. ರಾತ್ರಿಗೆ 1,08,000 ಜಿಗಿತ. ಒಂದಕ್ಕೆ ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲು ಎಂದರೂ ಒಂದು ಗಂಟೆ ಹನ್ನೆರಡು ನಿಮಿಷ. ಕತ್ತಲ ಪರದೆ, ಮುಚ್ಚಿದ ರೆಪ್ಪೆ, ಜಿಗಿಯುವ ಗುಡ್ಡೆ, ಮೂರನ್ನೂ ಕಳೆದರೆ ಹತ್ತು ಗಂಟೆಯಲ್ಲಿ ಕಣ್ಣಿಗೆ ದಕ್ಕುವುದು ನಾಲ್ಕು ಗಂಟೆಯ ಆಸುಪಾಸು. ಒಂದು ಸಲವೂ ತೂಕಡಿಸದ, ಎವೆಯಿಕ್ಕದೆ ನೋಡಿದೆ ಎಂದು ಎದೆ ತಟ್ಟಿಕೊಳ್ಳುವವನ ಪಾಡು ಇದು.

ಹಾಗಾದರೆ ಕಥೆ ಹೇಗೆ ತಪ್ಪಿಹೋಗುವುದಿಲ್ಲ? ಜಪಾನಿನ ತಮಾಮಿ ನಕಾನೊ ಮತ್ತು ಸಂಗಡಿಗರು ಜನರಿಗೆ ‘ಮಿಸ್ಟರ್ ಬೀನ್’ ತೋರಿಸಿ, ಅವರ ರೆಪ್ಪೆಗಳನ್ನು ಗಮನಿಸಿ 2009ರಲ್ಲಿ ಒಂದು ಸಂಗತಿ ಪ್ರಕಟಿಸಿದರು: ನೋಡುಗರು ತಮಗರಿವಿಲ್ಲದೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕಣ್ಣು ಮಿಟುಕಿಸುತ್ತಾರೆ. ಒಂದು ಕ್ರಿಯೆ ಮುಗಿದಾಗ, ಪಾತ್ರ ಪರದೆಯಿಂದ ಮರೆಯಾದಾಗ, ಅದೇ ದೃಶ್ಯ ಇನ್ನೊಮ್ಮೆ ಬಂದಾಗ. ಅಂದರೆ ಕಳೆದುಕೊಂಡರೂ ನಷ್ಟವಿಲ್ಲದ ಜಾಗ ಹುಡುಕಿ ಮಿದುಳು ರೆಪ್ಪೆ ಮುಚ್ಚುತ್ತದೆ. ಟೆಂಟಿನಲ್ಲಿ ಕೂತ ಐನೂರು ಮಂದಿ, ಮುಂದೆ ಮರಳ ಮೇಲೆ ಕೂತವರೂ ಹಿಂದೆ ಕುರ್ಚಿಯಲ್ಲಿ ಕೂತವರೂ, ಒಟ್ಟಿಗೆ ಕಣ್ಣು ಮುಚ್ಚಿ ಒಟ್ಟಿಗೆ ತೆರೆಯುವುದನ್ನು ಕಲ್ಪಿಸಿಕೊಳ್ಳಿ.

ಮೂರನೇ ಯಾಮದ ನಂತರ ಈ ಜಾಣತನ ಕೆಡುತ್ತದೆ. ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ನಮ್ಮ ದಿನದ ಗಡಿಯಾರ ನಡೆಸುವುದು, ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ ಕೂತ ಸುಮಾರು 20,000 ಕೋಶಗಳ ಪುಟ್ಟ ಗುಂಪು. 43 ಲಕ್ಷಕ್ಕೆ ಒಂದು. ಚುನಾವಣೆಗೆ ನಿಂತರೆ ಠೇವಣಿ ಉಳಿಯದ ಈ ಅಲ್ಪಸಂಖ್ಯಾತರು ಬೆಳಗಿನ ಜಾವ ನಾಲ್ಕು, ಐದರ ನಡುವೆ ಇಡೀ ಮೈಯ ಬಿಸಿಯನ್ನು ದಿನದ ಕೆಳಮಟ್ಟಕ್ಕೆ ಇಳಿಸುತ್ತಾರೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎನ್ನುವ ಮಾತಿದೆ. ನಾಲ್ಕನೇ ಯಾಮದಲ್ಲಿ ಕಂಬಳಿಗೆ ಕಿತ್ತಾಡುವವರನ್ನು ಕೇಳಿ ನೋಡಿ. ಆ ಚಳಿಯಲ್ಲಿ ಅರ್ಧ ಹೊರಗಿನದು, ಇನ್ನರ್ಧ ಒಳಗಿನದು.

ಈ ಹೊತ್ತಿಗೆ ಬರುವುದು ಕಿರುನಿದ್ದೆ. ಕೆಲವೇ ಸೆಕೆಂಡಿನದು, ಕಣ್ಣು ತೆರೆದೇ ಇರಬಹುದು, ಬಂದದ್ದು ಬಂದವನಿಗೇ ಗೊತ್ತಾಗದು. ಐದು ಸೆಕೆಂಡಿನ ಕಿರುನಿದ್ದೆ ಎಂದರೆ 120 ಫ್ರೇಮು. ಖಳನಾಯಕ ಕಟ್ಟಡದಿಂದ ಬಿದ್ದು ಸಾಯಲು ಅದು ಸಾಕು. ಆಮೇಲೆ ‘ಅವನೆಲ್ಲಿ ಹೋದ?’ ಎಂದು ಪಕ್ಕದವನನ್ನು ಕೇಳುವುದು, ಪಕ್ಕದವನಿಗೂ ಗೊತ್ತಿಲ್ಲದಿರುವುದು.

ಥಿಯೇಟರಿನ ಕತ್ತಲೆಯೂ ನಿದ್ದೆಯ ಪರವೇ. ಚಿತ್ರಮಂದಿರದ ಪರದೆಯ ಅಚ್ಚ ಬಿಳುಪಿಗೂ ನಿಗದಿಯಾದ ಹೊಳಪು ಬರೀ 48 ನಿಟ್ಸ್. ನಿಮ್ಮ ಜೇಬಿನ ಫೋನು 500 ನಿಟ್ಸ್ ಸಲೀಸಾಗಿ ದಾಟುತ್ತದೆ. ನಲವತ್ತಡಿ ಅಗಲದಲ್ಲಿ ಸೂರ್ಯ ಹುಟ್ಟುವ ದೃಶ್ಯ ಅಂಗೈಯಗಲದ ಫೋನಿನ ಹತ್ತನೇ ಒಂದು ಪಾಲೂ ಹೊಳೆಯುವುದಿಲ್ಲ, ಕತ್ತಲಲ್ಲಿ ಕೂತ ಕಣ್ಣು ಅದನ್ನು ಬೆಳಕೆಂದು ನಂಬುತ್ತದೆ, ಅಷ್ಟೇ. ಮಿದುಳಿನ ಗಡಿಯಾರ ನಂಬುವುದಿಲ್ಲ. ಪಕ್ಕದವರು ನಡುವೆ ವಾಟ್ಸಾಪ್ ತೆಗೆದರೆ ನಮಗೆ ಸಿಟ್ಟು ಬರುವುದಕ್ಕೂ ಹೊಳಪಿನ ಈ ಅಂತರವೇ ಕಾರಣ.

ಕಾಫಿ? ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಅಡಿನೋಸಿನ್ ಸೇರುತ್ತಾ ಹೋಗಿ ‘ಮಲಗು’ ಎನ್ನುತ್ತದೆ. ಕೆಫೀನು ಅದು ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ಅಡಿನೋಸಿನ್ ಎಲ್ಲೂ ಹೋಗಿರುವುದಿಲ್ಲ, ಹೊರಗೆ ಕಾಯುತ್ತಿರುತ್ತದೆ. ಕುಡಿದ ಕೆಫೀನಿನ ಅರ್ಧ ಕರಗಲು ಸುಮಾರು ಐದು ಗಂಟೆ. ಸಂಜೆ ಆರಕ್ಕೇ ಎರಡು ಲೋಟ ಇಳಿಸಿದರೆ ಬೇಕಾದ ಹೊತ್ತಿಗೆ ಮುಕ್ಕಾಲು ಪಾಲು ಖಾಲಿ. ಮಧ್ಯಾಹ್ನ ಒಂದು ನಿದ್ದೆ ತೆಗೆದು, ಕಾಫಿಯನ್ನು ನಡುರಾತ್ರಿಗೆ ಇಟ್ಟುಕೊಂಡು, ಇಂಟರ್‌ವೆಲ್ಲಿನಲ್ಲಿ ಎದ್ದು ಓಡಾಡಿದರೆ ಗೆಲ್ಲುವ ಸಂಭವ ಹೆಚ್ಚು. ಇನ್ನೊಂದು ಉಪಾಯ ಹಬ್ಬದಲ್ಲೇ ಇದೆ. ನಮ್ಮನ್ನು ಎಚ್ಚರವಾಗಿಡುವ ಓರೆಕ್ಸಿನ್ ಎಂಬ ರಾಸಾಯನಿಕ ಪತ್ತೆಯಾದದ್ದು 1998ರಲ್ಲಿ. ಹೊಟ್ಟೆ ಹಸಿದಾಗ ಅದನ್ನು ತಯಾರಿಸುವ ಕೋಶಗಳು ಚುರುಕಾಗುತ್ತವೆ ಎಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿದವು. ಉಪವಾಸ ಮತ್ತು ಜಾಗರಣೆಯನ್ನು ಒಂದೇ ದಿನಕ್ಕೆ ಇಟ್ಟವರು ಓರೆಕ್ಸಿನ್ ಬಲ್ಲವರಾಗಿರಲಿಲ್ಲ, ಹಸಿದ ಹೊಟ್ಟೆಯನ್ನು ಬಲ್ಲವರಾಗಿದ್ದರು. ಎರಡನೇ ಯಾಮಕ್ಕೇ ತಂಬಿಟ್ಟಿನ ಡಬ್ಬಿಗೆ ಕೈ ಹಾಕುವವರ ಬಗ್ಗೆ ನಾನು ಏನೂ ಹೇಳಲಾರೆ.

ನಾಲ್ಕು ಚಿತ್ರಕ್ಕೇ ಇಷ್ಟಾದರೆ, ಲೋಕದಲ್ಲಿ ಇನ್ನೂ ಗಟ್ಟಿಗರಿದ್ದಾರೆ. ಅಮೆರಿಕದ ಬೋಸ್ಟನ್ ಸೀಮೆಯಲ್ಲಿ 1976ರಿಂದ 24 ಗಂಟೆಯ ವೈಜ್ಞಾನಿಕ ಕಥಾಚಿತ್ರಗಳ ಮ್ಯಾರಥಾನ್ ನಡೆದು ಬಂದಿದೆ. 2019ರಲ್ಲಿ ‘ಅವೆಂಜರ್ಸ್: ಎಂಡ್‌ಗೇಮ್’ ಬಿಡುಗಡೆಯ ಮುನ್ನ ಅಮೆರಿಕದ ಕೆಲವು ಥಿಯೇಟರುಗಳಲ್ಲಿ ಮಾರ್ವೆಲ್‌ನ 22 ಚಿತ್ರಗಳನ್ನು 59 ಗಂಟೆಗಳ ಕಾಲ ಸಾಲಾಗಿ ತೋರಿಸಿದರು. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ 2008ರಲ್ಲಿ ನಡೆದ ಸಿನಿಮಾ ನೋಡುವ ಸ್ಪರ್ಧೆ 120 ಗಂಟೆ ದಾಟಿತು. ಲೆಕ್ಕ ಹಾಕಿದರೆ ಕೋಟಿ ಫ್ರೇಮಿನ ಆಸುಪಾಸು. ಅದೇ ಟೈಮ್ಸ್ ಸ್ಕ್ವೇರಿನ ಗಾಜಿನ ಗೂಡಿನಲ್ಲಿ 1959ರಲ್ಲಿ ಪೀಟರ್ ಟ್ರಿಪ್ ಎಂಬ ರೇಡಿಯೋ ನಿರೂಪಕ ಸಹಾಯಾರ್ಥ ನಿಧಿಗೆಂದು 201 ಗಂಟೆ ನಿದ್ದೆ ಬಿಟ್ಟು ಕೂತಿದ್ದರು. ಕೊನೆಕೊನೆಗೆ ಅವರಿಗೆ ತಮ್ಮ ಬೂಟಿನೊಳಗೆ ಜೇಡಗಳು ಕಾಣತೊಡಗಿದವು. ಪರದೆಯಿಲ್ಲದೆಯೇ ಸಿನಿಮಾ.

ರಾತ್ರಿಯ ಅತಿ ಅಪಾಯದ ಭಾಗ ಮಾತ್ರ ಸಿನಿಮಾ ಮುಗಿದ ಮೇಲಿನದು. ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ 1997ರಲ್ಲಿ ಪ್ರಕಟಿಸಿದ ಪ್ರಯೋಗದ ಪ್ರಕಾರ, 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ 0.05 ಆಲ್ಕೋಹಾಲ್ ಇರುವವರಷ್ಟು ಕುಸಿಯುತ್ತದೆ, 24 ಗಂಟೆಯಾದರೆ ಶೇ 0.10ರಷ್ಟು. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ., ಅಂದರೆ ಶೇ 0.03. ಹಬ್ಬದ ದಿನ ಬೆಳಗ್ಗೆ ಆರಕ್ಕೆ ಎದ್ದು, ಮಡಿಯುಟ್ಟು, ಒಂದು ತೊಟ್ಟೂ ಮುಟ್ಟದೆ ಜಾಗರಣೆ ಮುಗಿಸಿ ಮರುದಿನ ಆರಕ್ಕೆ ಬೈಕ್ ಹತ್ತುವವನು ಆ ಮಿತಿಯ ಮೂರು ಪಟ್ಟು ಕುಡಿದವನ ಹಾಗೆ ಓಡಿಸುತ್ತಿರುತ್ತಾನೆ. ಪೊಲೀಸರ ಯಂತ್ರಕ್ಕೆ ಊದಿದರೆ ಸೊನ್ನೆ ಬರುತ್ತದೆ. 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡು ತೂಕಡಿಸಿದರೆ ಬೈಕು ಸವಾರನಿಲ್ಲದೆ 50 ಮೀಟರ್ ಹೋಗಿರುತ್ತದೆ. ಜಗಲಿಯ ಮೇಲೇ ಒಂದು ಗಂಟೆ ಉರುಳಿಕೊಂಡು ಆಮೇಲೆ ಹೊರಡುವುದರಲ್ಲಿ ವ್ರತಭಂಗವೇನೂ ಇಲ್ಲ.

ಕಳೆದ ನಿದ್ದೆಯ ಸಾಲ ತೀರಿಸುವುದು ಹೇಗೆ ಎನ್ನುವ ಲೆಕ್ಕ ಎಲ್ಲಕ್ಕಿಂತ ವಿಚಿತ್ರ. 1963ರ ಡಿಸೆಂಬರ್‌ನಿಂದ 1964ರ ಜನವರಿಯ ತನಕ ಸ್ಯಾನ್ ಡಿಯಾಗೋದ 17ರ ಹರೆಯದ ರ‍್ಯಾಂಡಿ ಗಾರ್ಡ್‌ನರ್ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು 264 ಗಂಟೆ, ಅಂದರೆ ಹನ್ನೊಂದು ದಿನ ಎಚ್ಚರವಿದ್ದ. ರಾತ್ರಿಗೆ ಎಂಟು ಗಂಟೆಯಂತೆ ಹಿಡಿದರೆ 88 ಗಂಟೆಯ ನಿದ್ದೆ ಬಾಕಿ. ಆಮೇಲೆ ಮಲಗಿದವನು ಎದ್ದದ್ದು ಹದಿನಾಲ್ಕು ಗಂಟೆ ಚಿಲ್ಲರೆಯ ನಂತರ. ದೇಹ ಬೇಕಾದ ಗಾಢನಿದ್ದೆಯನ್ನು ಮೊದಲು ವಸೂಲು ಮಾಡಿಕೊಂಡು ಉಳಿದ ಬಾಕಿಯಲ್ಲಿ ಬಹುಪಾಲನ್ನು ಮನ್ನಾ ಮಾಡಿಬಿಡುತ್ತದೆ. ಹಾಗೆಂದು ಗಿನ್ನೆಸ್ ದಾಖಲೆಯವರು ನಿದ್ದೆಗೆಡುವ ದಾಖಲೆಯ ವಿಭಾಗವನ್ನು ಉಳಿಸಿಕೊಳ್ಳಲಿಲ್ಲ. 1986ರಲ್ಲಿ ಒಬ್ಬಾತ 453 ಗಂಟೆ 40 ನಿಮಿಷ ಎಚ್ಚರವಿದ್ದು ರ‍್ಯಾಂಡಿಯನ್ನೂ ಮೀರಿಸಿದ್ದ. ಮುಂದೆ ಯಾರ ಜೀವಕ್ಕಾದರೂ ಕುತ್ತು ಬಂದೀತೆಂದು ಅದನ್ನು ದಾಖಲಿಸುವುದನ್ನೇ ನಿಲ್ಲಿಸಿದರು.