ಮನೆಮಂದಿಯೊಂದಿಗೆ ಕಲ್ಯಾಣದ ಕಡೆಗೆ

ತೋಟಗಾರನಿಗೆ ಬಿಡುವು ಸಿಗುವುದೇ ಅಪರೂಪ. ಕೊಳೆರೋಗದ ಕೊನೆಯ ಸಿಂಪಡಣೆ ಮುಗಿದು, ಅಡಿಕೆ ಕೊಯ್ಲೂ ಕಾಫಿ ಹಣ್ಣು ಬಿಡಿಸುವುದೂ ಬಿರುಸಾಗುವ ಮುನ್ನ, ದಸರಾ ಸುಮಾರಿಗೆ ಏಳೆಂಟು ದಿನ ಸಿಕ್ಕರೆ ಪುಣ್ಯ. ಆಗ ಮಕ್ಕಳನ್ನೂ ಅಜ್ಜಿಯನ್ನೂ ಕರೆದುಕೊಂಡು ಹುಮನಾಬಾದ, ಬಸವಕಲ್ಯಾಣಗಳಿಗೆ ಹೊರಡುವ ಬಾಂಧವರಿಗೆ ಈ ನಾಲ್ಕು ಮಾತು.

ದಾರಿ ದೂರ. 2017ರಲ್ಲಿ ಬೀದರ–ಕಲಬುರಗಿ ಮಾರ್ಗ ತೆರೆದ ಮೇಲೆ ಹುಮನಾಬಾದಿಗೂ ರೈಲುಂಟು. ಅಲ್ಲೇ ಬಿಡಾರ ಮಾಡಿ. ಮೊದಲ ದಿನಕ್ಕೆ ಮಾಣಿಕನಗರದ ಮಾಣಿಕಪ್ರಭುಗಳ ದರ್ಶನವೊಂದೇ ಸಾಕು. ಮರುದಿನ ಜಲಸಂಗ್ವಿ. ಅಲ್ಲಿಯ ಈಶ್ವರ ದೇಗುಲದ ಹೊರಗೋಡೆಯಲ್ಲಿ ಶಾಸನ ಬರೆಯುತ್ತ ನಿಂತ ಕಲ್ಲಿನ ಹೆಣ್ಣೊಬ್ಬಳಿದ್ದಾಳೆ; ಬರಹ ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ಶಾಲೆಗೆ ಹೋಗುವ ಹೆಣ್ಣುಮಕ್ಕಳಿಗೆ ತಪ್ಪದೆ ತೋರಿಸಿ.

ಆ ದೊರೆ 1076ರಿಂದ 1126ರವರೆಗೆ ಆಳಿದ್ದು ಕಲ್ಯಾಣದಿಂದಲೇ. ಬಸವಕಲ್ಯಾಣಕ್ಕೆ ಎರಡು ದಿನವಾದರೂ ಇರಲಿ. ಕಷ್ಟವೆಲ್ಲ ಕೋಟೆಯಲ್ಲಿ: ಬಾಗಿಲ ಮೇಲೆ ಬಾಗಿಲು, ಏರು, ಸವೆದ ಕಲ್ಲು. ಎಳೆಕೂಸನ್ನು ಸರದಿಯ ಮೇಲೆ ಹೊರಬೇಕಾಗುತ್ತದೆ. ಆದ್ದರಿಂದ ಗಂಟುಮೂಟೆ ಬಿಡಾರದಲ್ಲೇ ಬಿಟ್ಟು ನೀರು ಮಾತ್ರ ಒಯ್ಯಿರಿ. ಬೆಳಿಗ್ಗೆಯೇ ಹತ್ತಿ ಇಳಿಯಿರಿ, ನಮ್ಮ ಕಡೆಯ ನೆರಳು ಅಲ್ಲಿಲ್ಲ. ಮಂಡಿನೋವಿನ ಅಜ್ಜಿಯನ್ನು ಹತ್ತಿಸುವ ಹಠ ಬೇಡ. ಯಾರಾದರೊಬ್ಬರು ಜೊತೆಗಿದ್ದು ತ್ರಿಪುರಾಂತಕ ಕೆರೆಯ ಬಳಿ, ಅನುಭವ ಮಂಟಪದಲ್ಲಿ ಕೂರಿಸಲಿ. ಅವರಿಗೂ ಅದೇ ಹಿತ.

ಊಟ ಜೋಳದ ರೊಟ್ಟಿಯದು. ಅನ್ನವಿಲ್ಲದೆ ಆಗದವರು ಖಾನಾವಳಿಯಲ್ಲಿ ಮೊದಲೇ ಹೇಳಿಡಿ.

ಮತ್ತೆ, ಹೊರಡುವ ಮುನ್ನ ಅಂಗಳದಲ್ಲಿ ಏನಾದರೂ ಒಣಗಲು ಹಾಕಿದ್ದರೆ, ಮಳೆ ಬಂದಾಗ ಎತ್ತಿಡಲು ನೆರೆಮನೆಯವರಿಗೆ ಹೇಳಿರಿ.